ಹೊಳೆಯಿಲ್ಲದ ಕಣಿವೆಯಲ್ಲಿ ಮೂರು ದಿನ

ಚೌತಿ ಮುಗಿಸಿ, ಅಡಿಕೆ ತೋಟಕ್ಕೆ ಕೊಳೆ ಔಷಧಿಯ ಕೊನೆಯ ಸುತ್ತನ್ನೂ ಹೊಡೆಸಿ, ಕಳೆದ ವರ್ಷ ನಾನು ಅಮೆರಿಕದಲ್ಲಿರುವ ತಂಗಿಯ ಮನೆಗೆ ಹೋಗಿದ್ದೆ. ಅಷ್ಟರಲ್ಲಿ ಅವಳ ಮಗ ಹವಾಯಿಯ ಮೌಯಿ ದ್ವೀಪದ ಪ್ರವಾಸವನ್ನು ನಿಶ್ಚಯಿಸಿ, ಅಲ್ಲಿನ ಹಲೆಯಾಕಲಾ ಎಂಬ ಜ್ವಾಲಾಮುಖಿಯ ನೆತ್ತಿಯ ಕಣಿವೆಯಲ್ಲಿ ನಾವಿಬ್ಬರೂ ಎರಡು ರಾತ್ರಿ ಟೆಂಟು ಹಾಕಿ ಉಳಿಯುವುದಕ್ಕೆ ಪರವಾನಗಿಯನ್ನೂ ಪಡೆದಿದ್ದ. ಹೊರಡುವ ಮುನ್ನ ಶಿರಸಿಯ ಮನೆಗೆ ಫೋನ್ ಮಾಡಿ ಆಯಿಗೆ ವಿಷಯ ಹೇಳಿದೆ. ಚಳಿ ಎಷ್ಟಿರುತ್ತದೆ ಎಂದು ಕೇಳಿದಳು, ಆಮೇಲೆ ಅಲ್ಲಿಯ ಹೊಳೆ ಯಾವುದು ಎಂದು ಕೇಳಿದಳು. ಹೊಳೆ ಇಲ್ಲ ಎಂದೆ. “ಹೊಳೆಯೇ ಇಲ್ದೇ ಹೋದ್ರೆ ಅದು ಕಣಿವೆ ಹೆಂಗಾತು?” ಎಂದಳು.

ಅಘನಾಶಿನಿ, ಶಾಲ್ಮಲೆ, ಬೇಡ್ತಿ ಎಂದು ಹೊಳೆಯ ಹೆಸರು ಹಿಡಿದೇ ಕಣಿವೆಗಳನ್ನು ಗುರುತಿಸುವ ಊರಿನವರಿಗೆ ಇದಕ್ಕಿಂತ ಸಹಜವಾದ ಪ್ರಶ್ನೆ ಇಲ್ಲ. ಆ ಕಣಿವೆಯನ್ನು ನೋಡಲು ಹೋಗುವ ಬಹುತೇಕರಿಗೆ ಈ ಪ್ರಶ್ನೆ ಹೊಳೆಯುವುದಿಲ್ಲ, ಏಕೆಂದರೆ ಅವರು ಅದನ್ನು ಜ್ವಾಲಾಮುಖಿಯ ಬಾಯಿ ಎಂದೇ ತಿಳಿದಿರುತ್ತಾರೆ. ಸುಮಾರು 11 ಕಿಲೋಮೀಟರ್ ಉದ್ದ, 3 ಕಿಲೋಮೀಟರ್ ಅಗಲ, 800 ಮೀಟರ್‌ಗಳಷ್ಟು ಆಳವಿರುವ ಆ ತಗ್ಗನ್ನು ಅಲ್ಲಿಯವರೂ ರೂಢಿಯಲ್ಲಿ ಹಾಗೆಯೇ ಕರೆಯುತ್ತಾರೆ. ಭೂವಿಜ್ಞಾನಿಗಳು ಹೇಳುವುದು ಬೇರೆ. ಜ್ವಾಲಾಮುಖಿ ದೀರ್ಘಕಾಲ ತಣ್ಣಗಿದ್ದ ಅವಧಿಯಲ್ಲಿ ಮಳೆನೀರು ಪರ್ವತದ ಎರಡು ಪಕ್ಕಗಳಿಂದ ಎರಡು ಕಣಿವೆಗಳನ್ನು ಕೊರೆಯುತ್ತ ಮೇಲೇರಿ, ಕೊನೆಗೆ ನೆತ್ತಿಯಲ್ಲಿ ಅವೆರಡರ ತಲೆಗಳೂ ಕೂಡಿಕೊಂಡವು. ಬಹುಕಾಲದ ನಂತರ ಜ್ವಾಲಾಮುಖಿ ಮತ್ತೆ ಎಚ್ಚೆತ್ತು, ಹೊಳೆ ಹರಿದಿದ್ದ ಆ ತಳದ ಮೇಲೆ ಲಾವಾ ಮತ್ತು ಬೂದಿಯನ್ನು ಸುರಿದು ತುಂಬಿಸಿತು. ಕಣಿವೆಯನ್ನು ಕೊರೆದದ್ದು ನೀರೇ. ಕೊರೆದ ಹೊಳೆ ಮಾತ್ರ ಬೆಂಕಿಯ ಕೆಳಗೆ ಹೂತುಹೋಗಿದೆ. ಇದನ್ನು ನಾನು ಆಯಿಗೆ ಹೇಳಿದ್ದು ಊರಿಗೆ ಮರಳಿದ ಮೇಲೆ, ಬಾಳೆಲೆಯ ಮೇಲೆ ಅನ್ನವನ್ನು ಗುಡ್ಡೆ ಮಾಡಿ, ಎರಡು ಕಡೆಯಿಂದ ಸಾರು ಹರಿಸಿ ತೋರಿಸಿ.

ಕಾಹುಲುಯಿ ಎಂಬ ಕಡಲತಡಿಯ ಪಟ್ಟಣದಿಂದ ಹಲೆಯಾಕಲಾದ ನೆತ್ತಿಗೆ ಸುಮಾರು 60 ಕಿಲೋಮೀಟರ್ ರಸ್ತೆ. ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಬರುವುದಕ್ಕೂ ಹೆಚ್ಚುಕಡಿಮೆ ಅಷ್ಟೇ ದೂರ. ನಮ್ಮ ರಸ್ತೆ ಆ ದೂರದಲ್ಲಿ ಸುಮಾರು 600 ಮೀಟರ್ ಏರಿದರೆ, ಅಲ್ಲಿಯ ರಸ್ತೆ 3,055 ಮೀಟರ್ ಎತ್ತರದ ಶಿಖರಕ್ಕೆ ತಲುಪಿಸುತ್ತದೆ. ಬೆಳಗಿನ ತಿಂಡಿಯನ್ನು ಸಮುದ್ರದ ಎದುರು ತಿಂದು ಎರಡು ತಾಸಿನೊಳಗೆ ಅಷ್ಟು ಎತ್ತರದಲ್ಲಿ ನಿಲ್ಲುವುದನ್ನು ದೇಹ ಸುಲಭವಾಗಿ ಒಪ್ಪುವುದಿಲ್ಲ. ಕಾರಿನಿಂದ ಇಳಿದು ಚೀಲವನ್ನು ಬೆನ್ನಿಗೇರಿಸುವಷ್ಟರಲ್ಲೇ ನನಗೆ ಏದುಸಿರು ಬಂದಿತ್ತು. ಶಿರಸಿಯಿಂದ ಒಯ್ದಿದ್ದ ಅವಲಕ್ಕಿಯ ಪ್ಯಾಕೆಟ್ಟು ಮೇಲಿನ ಗಾಳಿಯ ಒತ್ತಡ ಕಡಿಮೆಯಾದ ಕಾರಣ ಹಲಸಿನ ಹಣ್ಣಿನಂತೆ ಉಬ್ಬಿಕೊಂಡಿತ್ತು.

ಚೀಲದ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಅಂಥ ಜಾಗದಲ್ಲಿ ಸುಖ ದುಃಖಗಳೆರಡೂ ಚೀಲದಲ್ಲೇ ಇರುತ್ತವೆ. ಕಣಿವೆಯೊಳಗೆ ಬೆಂಕಿ ಹೊತ್ತಿಸುವಂತಿಲ್ಲ, ಆದ್ದರಿಂದ ಸಣ್ಣ ಗ್ಯಾಸ್ ಒಲೆ ಬೇಕು. ಅದರ ಗ್ಯಾಸ್ ಡಬ್ಬಿಯನ್ನು ವಿಮಾನದಲ್ಲಿ ಒಯ್ಯಲು ಬಿಡುವುದಿಲ್ಲವಾದ್ದರಿಂದ ದ್ವೀಪಕ್ಕೆ ಇಳಿದ ಮೇಲೆಯೇ ಕೊಳ್ಳಬೇಕು. ಎರಡು ಸಾವಿರ ಮೀಟರ್ ಎತ್ತರದಲ್ಲಿ ನೀರು ಸುಮಾರು 93 ಡಿಗ್ರಿಗೇ ಕುದಿದುಬಿಡುತ್ತದೆ. ಅಕ್ಕಿ ಬೇಯಿಸಲು ಹೊರಟರೆ ಗ್ಯಾಸೂ ಹೊತ್ತೂ ಖರ್ಚಾಗುತ್ತವೆಯೇ ಹೊರತು ಅನ್ನ ಮೆತ್ತಗಾಗುವುದಿಲ್ಲ. ಹೀಗಾಗಿ ನಾನು ಅವಲಕ್ಕಿ, ಹುರಿದ ಶೇಂಗಾ, ಬೆಲ್ಲ ಮತ್ತು ಅಪ್ಪೆಮಿಡಿ ಉಪ್ಪಿನಕಾಯಿಯ ಸಣ್ಣ ಡಬ್ಬಿಯೊಂದನ್ನು ನೆಚ್ಚಿಕೊಂಡಿದ್ದೆ. ತಂಗಿಗೆಂದು ಒಯ್ದಿದ್ದ ತೊಡದೇವಿನಲ್ಲಿ ನಾಲ್ಕನ್ನು ಅಳಿಯ ಆಸೆಯಿಂದ ತನ್ನ ಚೀಲಕ್ಕೆ ಹಾಕಿಕೊಂಡಿದ್ದ. ಮೊದಲ ದಿನ ಮಧ್ಯಾಹ್ನ ತೆಗೆದಾಗ ಅದು ಪುಡಿಯಾಗಿ ಸಿಹಿ ಬೂದಿಯಂತೆ ಕಂಡಿತು. ತಂಗುವ ಎರಡು ಜಾಗಗಳಲ್ಲೂ ನೀರು ಸಿಗುತ್ತದೆ, ಆದರೆ ಸೋಸಿಯೋ ಕುದಿಸಿಯೋ ಕುಡಿಯಬೇಕು. ಬರಗಾಲದಲ್ಲಿ ಅದಕ್ಕೂ ಮಿತಿ ಹಾಕುತ್ತಾರೆ. ದಾರಿಯಲ್ಲಂತೂ ಒಂದು ಹನಿಯೂ ಇಲ್ಲ. ತಲೆಗೆ ನಾಲ್ಕು ಲೀಟರ್‌ನಂತೆ ಹೊತ್ತೆವು. ವರ್ಷಕ್ಕೆ ಐದು ತಿಂಗಳು ನೀರನ್ನು ತೋಟದಿಂದ ಹೊರಹಾಕಲು ಗುದ್ದಾಡುವ ನನಗೆ ನೀರನ್ನು ಬೆನ್ನ ಮೇಲೆ ಹೊತ್ತು ಗುಡ್ಡ ಇಳಿಯುವುದು ವಿಚಿತ್ರವಾಗಿಯೇ ಕಂಡಿತು.

ಭಾವ ನಮ್ಮನ್ನು ಶಿಖರದ ಕೆಳಗೆ, 2,969 ಮೀಟರ್ ಎತ್ತರದಲ್ಲಿ ಬಿಟ್ಟು ಹೋದರು. ಅಲ್ಲಿಂದ ಇಳಿಯುವ ಕಾಲುದಾರಿಗೆ ‘ಜಾರುವ ಮರಳು’ ಎಂಬ ಅರ್ಥದ ಹೆಸರಿದೆ. ಮರಳೆಂದು ಕರೆದರೂ ಅದು ಜ್ವಾಲಾಮುಖಿ ಉಗುಳಿದ ಕಿಟ್ಟದ ಚೂರು. ಹಿಂದೆ ಕಮ್ಮಾರಸಾಲೆಯ ಹೊರಗೆ ಬಿದ್ದಿರುತ್ತಿದ್ದ ಕಬ್ಬಿಣದ ಕಿಟ್ಟದಂತೆ ತೂತು ತೂತು, ಹಗುರ, ಕಾಲಿಟ್ಟರೆ ಕರಕರ ಎನ್ನುತ್ತದೆ. ಕೆಂಪು, ಕಪ್ಪು, ಕಾವಿ, ಹಳದಿ ಬಣ್ಣದ ಕಿಟ್ಟದ ಗುಡ್ಡಗಳು ತಳದುದ್ದಕ್ಕೂ ಬೋರಲು ಹಾಕಿದ ಬುಟ್ಟಿಗಳಂತೆ ನಿಂತಿವೆ. ಮೇಲಿನಿಂದ ನೋಡುವಾಗ ಪುಟ್ಟದಾಗಿ ಕಾಣುವ ಅವುಗಳಲ್ಲಿ ದೊಡ್ಡದು ಸುಮಾರು 180 ಮೀಟರ್ ಎತ್ತರವಿದೆಯೆಂದು ಅಳಿಯ ಹೇಳಿದಾಗ ನಂಬಲಿಲ್ಲ. ಅದರ ಬುಡಕ್ಕೆ ಬಂದು ತಲೆಯೆತ್ತಿದ ಮೇಲೆ ನಂಬಿದೆ. ಅಳೆಯಲು ಮರವಿಲ್ಲದ ಜಾಗದಲ್ಲಿ ಕಣ್ಣಿನ ಲೆಕ್ಕ ತಪ್ಪುತ್ತದೆ.

ನಮ್ಮ ಯಾಣದ ಬಂಡೆಗಳ ಸುತ್ತಲಿನ ಕರಿಮಣ್ಣನ್ನು ಭಸ್ಮಾಸುರನ ಬೂದಿಯೆಂದು ಚಿಕ್ಕಂದಿನಲ್ಲಿ ಅಪ್ಪಯ್ಯ ತೋರಿಸಿದ್ದರು. ಕಪ್ಪಗೆ ಸುಟ್ಟಂತೆ ಕಾಣುವ ಆ ಶಿಖರಗಳನ್ನು ಜ್ವಾಲಾಮುಖಿಯ ಕಲ್ಲೆಂದು ಶಿವರಾತ್ರಿ ಜಾತ್ರೆಯಲ್ಲಿ ವಾದಿಸುವವರನ್ನೂ ಕೇಳಿದ್ದೇನೆ. ಅವು ಸುಣ್ಣಕಲ್ಲು, ಬೆಂಕಿಗೂ ಅವಕ್ಕೂ ಸಂಬಂಧವಿಲ್ಲ. ಐವತ್ತರ ಹತ್ತಿರದಲ್ಲಿ ನಾನು ಕೈಯಲ್ಲಿ ಹಿಡಿದ ಮೊದಲ ನಿಜವಾದ ಬೂದಿ ಹಲೆಯಾಕಲಾದ್ದು. ಹಿಡಿದದ್ದನ್ನು ಅಲ್ಲೇ ಬಿಟ್ಟೆ, ಏಕೆಂದರೆ ಅಲ್ಲಿಂದ ಕಲ್ಲು ಮಣ್ಣು ಒಯ್ಯುವಂತಿಲ್ಲ. ಆ ಪರ್ವತದ ಕೊನೆಯ ಸ್ಫೋಟ, ಕಣಿವೆಯಿಂದ ದೂರ ನೈಋತ್ಯದ ಕಡಲ ಪಕ್ಕದಲ್ಲಿ, 1480 ಮತ್ತು 1600ರ ನಡುವೆ ನಡೆಯಿತೆಂದು ಈಗ ಲೆಕ್ಕ ಹಾಕಿದ್ದಾರೆ. ಸೋದೆಯ ವಾದಿರಾಜರ ಜೀವಿತಾವಧಿಯೆಂದು ಸಂಪ್ರದಾಯ ಹೇಳುವ ಇಸವಿಗಳೂ ಇವೇ ಎರಡು. ಇದರಲ್ಲಿ ಅರ್ಥವೇನೂ ಇಲ್ಲವೆಂದು ಗೊತ್ತಿದ್ದರೂ, ಕಿಟ್ಟದ ಮೇಲೆ ಕುಳಿತು ಅವಲಕ್ಕಿ ತಿನ್ನುವಾಗ ನನಗೆ ಇದೇ ನೆನಪಾಯಿತು.

ಇಳಿದಾರಿಯಲ್ಲಿ ಕಣ್ಣಿಗೆ ಬೀಳುವ ಮುಖ್ಯ ಜೀವವೆಂದರೆ ಆಹಿನಾಹಿನಾ. ಬೆಳ್ಳಿಯ ಕೂದಲು ಹೊದ್ದ ಕತ್ತಿಯಂಥ ಎಲೆಗಳ ಒಂದು ಉಂಡೆ; ಪ್ರಪಂಚದಲ್ಲಿ ಈ ಉಪಜಾತಿ ಈ ಪರ್ವತದ ಮೇಲ್ಭಾಗವನ್ನು ಬಿಟ್ಟು ಬೇರೆಲ್ಲೂ ಸಹಜವಾಗಿ ಬೆಳೆಯುವುದಿಲ್ಲ. ಹಲವು ದಶಕ ಹಾಗೆಯೇ ನೆಲಕ್ಕಂಟಿಕೊಂಡಿದ್ದು, ಒಂದು ಬೇಸಗೆಯಲ್ಲಿ ಆಳೆತ್ತರದ ಹೂಕೊಂಬನ್ನು ಎತ್ತಿ, ನೂರಾರು ಹೂ ಬಿಟ್ಟು, ಬೀಜ ಕಟ್ಟಿ ಸಾಯುತ್ತದೆ. ನಮ್ಮ ಜಿಲ್ಲೆಯ ಕಾಡಿನ ಶ್ರೀತಾಳೆಯೂ ಹೀಗೆಯೇ ಬದುಕುತ್ತದೆ. ಅದು ಮುಗಿಲೆತ್ತರಕ್ಕೆ ಬೆಳೆದು, ಒಮ್ಮೆ ಹೂ ಬಿಟ್ಟು ಒಣಗುತ್ತದೆ. ಶ್ರೀತಾಳೆಗಾದರೆ ಕಾಲಡಿಯಲ್ಲಿ ಕಾಡಿನ ಮಣ್ಣಿದೆ. ಆಹಿನಾಹಿನಾದ ಬೇರುಗಳು ಕಿಟ್ಟದ ಮೇಲ್ಪದರದಲ್ಲೇ ಹರಡಿರುವುದರಿಂದ, ಗಿಡದ ಹತ್ತಿರ ಹೆಜ್ಜೆಯಿಟ್ಟರೂ ಅವು ನುಜ್ಜಾಗುತ್ತವೆ. ಹಿಂದೆ ಜನರು ಅದನ್ನು ಕಿತ್ತು ಒಯ್ದು, ಆಡುಗಳು ಮೇಯ್ದು, ಕಳೆದ ಶತಮಾನದ ಆರಂಭದಲ್ಲಿ ಅದು ನಾಶದ ಅಂಚಿಗೆ ಬಂದಿತ್ತು. ಫೋಟೋಕ್ಕಾಗಿ ದಾರಿ ಬಿಟ್ಟು ಗಿಡದ ಪಕ್ಕ ಕೂರುವವರನ್ನು ನಾವೂ ಕಂಡೆವು. ಯಾಣದ ಬಂಡೆಗೆ ಹೆಸರು ಕೆತ್ತುವವರ ಅಣ್ಣತಮ್ಮಂದಿರು ಎಲ್ಲ ದೇಶದಲ್ಲೂ ಇದ್ದಾರೆ.

ಮೊದಲ ರಾತ್ರಿಯ ತಂಗುದಾಣ ಪಲಿಕೂ ಕಣಿವೆಯ ಪೂರ್ವದ ತುದಿಯಲ್ಲಿ, 1,945 ಮೀಟರ್ ಎತ್ತರದಲ್ಲಿದೆ. ಒಟ್ಟು 15 ಕಿಲೋಮೀಟರ್ ನಡಿಗೆ. ಅರ್ಧ ದಾರಿ ಕಳೆದ ಮೇಲೆ ಕಿಟ್ಟದ ನಡುವೆ ಹುಲ್ಲು ಕಾಣಿಸಿತು, ಆಮೇಲೆ ಜರೀಗಿಡ, ಆಮೇಲೆ ಪೊದೆ. ಪಲಿಕೂ ತಲುಪುವಾಗ ಹಸಿರು ಬಯಲಿನ ಹಿಂದೆ, ಮೋಡ ಕವಿದ, ಪಾಚಿ ಹಿಡಿದ ಕಡಿದಾದ ಗೋಡೆ ಎದ್ದು ನಿಂತಿತ್ತು. ಪೂರ್ವದಿಂದ ಬೀಸುವ ವಾಣಿಜ್ಯ ಮಾರುತಗಳು ಹೊತ್ತು ತರುವ ಮೋಡ ಆ ಕಡೆಯ ಇಳಿಜಾರಿನಲ್ಲಿ ಬರಿದಾಗಿ, ಗೋಡೆ ದಾಟಿ ಪಲಿಕೂವಿಗೆ ಒಂದಿಷ್ಟು ಚೆಲ್ಲಿ, ಪಶ್ಚಿಮಕ್ಕೆ ಏನೂ ಉಳಿಸುವುದಿಲ್ಲ. ಶಿರಸಿಯಲ್ಲಿ ಕೊಡೆ ಹಿಡಿದು ಮುಂಡಗೋಡಿನ ಬಸ್ಸು ಹತ್ತಿದವನು, ಇಳಿಯುವಾಗ ಕೊಡೆಯನ್ನು ಕಂಕುಳಿಗೆ ಸಿಕ್ಕಿಸಿಕೊಳ್ಳುವುದು ನಮಗೆ ಹೊಸದಲ್ಲ. ಅದನ್ನೇ ಅಲ್ಲಿ ಕಾಲ್ನಡಿಗೆಯಲ್ಲಿ, ಒಂದೇ ಹಗಲಿನಲ್ಲಿ, ತಿರುವುಮುರುವಾಗಿ ಕಂಡೆ. ಇಷ್ಟು ಮಳೆ ಬಿದ್ದರೂ ಹೊಳೆ ಏಕಿಲ್ಲವೆಂದು ಕೇಳಿದ್ದಕ್ಕೆ ಅಳಿಯ ಕಾಲಿನಿಂದ ಕಿಟ್ಟ ಕೆದರಿ, “ಮಾವ, ಇಲ್ಲಿ ನೀರು ಹರಿತಿಲ್ಲೆ, ಸೀದಾ ಕೆಳಗೆ ಇಳಿತು” ಎಂದ. ಅಮೆರಿಕದಲ್ಲೇ ಹುಟ್ಟಿ ಬೆಳೆದವನ ಬಾಯಲ್ಲಿ ಆಯಿಯ ಪ್ರಶ್ನೆಗೆ ಅವಳದೇ ಮಾತಿನಲ್ಲಿ ಉತ್ತರ ಸಿಕ್ಕಿತ್ತು.

ಟೆಂಟಿನ ಜಾಗವನ್ನು ಆರಿಸಿದವನು ನಾನು. ಮಳೆಯ ವಿಷಯದಲ್ಲಿ ಶಿರಸಿಯವನಿಗೆ ಹೇಳಿಕೊಡುವವರು ಯಾರು ಎಂಬ ಗರ್ವದಿಂದ, ಗಾಳಿಗೆ ಮರೆಯಾಗಿದ್ದ, ಕಣದಂತೆ ಸಮತಟ್ಟಾದ, ಮೆತ್ತನೆಯ ಹುಲ್ಲಿನ ಜಾಗವನ್ನು ತೋರಿಸಿದೆ. ಅಳಿಯ ಇನ್ನೂ ಎರಡು ಮಾರು ಮೇಲಕ್ಕೆ ಹೋಗೋಣವೆಂದ; ಅಲ್ಲಿ ನೆಲ ಓರೆಯಾಗಿದೆ ಎಂದು ನಾನು ಒಪ್ಪಲಿಲ್ಲ. ರಾತ್ರಿ ಹನ್ನೊಂದರ ಸುಮಾರಿಗೆ ಮಳೆ ಶುರುವಾಯಿತು. ನಮ್ಮ ಆಷಾಢದ ಮಳೆಯ ಮುಂದೆ ಅದು ಏನೂ ಅಲ್ಲ, ಆದರೆ ಅಷ್ಟು ಹೊತ್ತೂ ನೀರು ಕುಡಿಯುತ್ತಿದ್ದ ನೆಲ ಆ ಹುಲ್ಲುಗಾವಲಿನ ಜಿಗುಟು ಮಣ್ಣಿನಲ್ಲಿ ಕುಡಿಯುವುದನ್ನು ನಿಲ್ಲಿಸಿತ್ತು. ತಾಸಿನೊಳಗೆ ನನ್ನ ಬೆನ್ನಡಿ ತಣ್ಣಗಾಯಿತು. ಮನೆಯಲ್ಲಾಗಿದ್ದರೆ ಗುದ್ದಲಿ ಹಿಡಿದು ಸುತ್ತಲೂ ಬಸಿಗಾಲುವೆ ತೋಡುತ್ತಿದ್ದೆ. ಅಲ್ಲಿ ನೆಲ ಅಗೆಯುವಂತಿಲ್ಲ, ಗುದ್ದಲಿಯೂ ಇಲ್ಲ. ತಲೆದೀಪದ ಬೆಳಕಿನಲ್ಲಿ ಟೆಂಟನ್ನು ನಾಲ್ಕು ಮೂಲೆ ಹಿಡಿದು ಎತ್ತಿ, ಎರಡು ಮಾರು ಮೇಲಿನ ಆ ಓರೆ ನೆಲಕ್ಕೆ ಸಾಗಿಸಿದೆವು. ಅಳಿಯ ಏನೂ ಅನ್ನಲಿಲ್ಲ. ಅನ್ನದಿರುವುದನ್ನು ಅವನು ತಾಯಿಯಿಂದ ಕಲಿತಿದ್ದಾನೆ.

ಬೆಳಿಗ್ಗೆ ಟೆಂಟಿನ ಬಾಗಿಲು ತೆಗೆದಾಗ ಎದುರಿಗೆ ಎರಡು ನೇನೆಗಳು ಹುಲ್ಲು ಮೇಯುತ್ತಿದ್ದವು. ನೇನೆ ಹವಾಯಿಯ ಕಾಡುಬಾತು, ಆ ರಾಜ್ಯದ ಪಕ್ಷಿ. ಕಳೆದ ಶತಮಾನದ ಮಧ್ಯದಲ್ಲಿ ಇಡೀ ಪ್ರಪಂಚದಲ್ಲಿ ಸುಮಾರು 30 ಮಾತ್ರ ಉಳಿದಿದ್ದವು. ಮೌಯಿಯಲ್ಲಿ ಒಂದೂ ಇರಲಿಲ್ಲ. ಇಂಗ್ಲೆಂಡಿನ ಸ್ಲಿಂಬ್ರಿಜ್‌ನಲ್ಲಿ ಸಾಕಿ ಬೆಳೆಸಿದ ಹಕ್ಕಿಗಳನ್ನು 1962ರಲ್ಲಿ ಇಲ್ಲಿಗೆ ತಂದಾಗ, ಅವುಗಳನ್ನು ಪೆಟ್ಟಿಗೆಗಳಲ್ಲಿಟ್ಟು ಬೆನ್ನ ಮೇಲೆ ಹೊತ್ತು ಈ ಕಣಿವೆಗೆ ಇಳಿಸಿದವರು ಸ್ಕೌಟ್ ಹುಡುಗರು. ನಾವು ನಾಲ್ಕು ಲೀಟರ್ ನೀರಿಗೆ ಗೊಣಗಿದ ಕಣಿವೆಗೆ ಆ ಹುಡುಗರು ಜೀವಂತ ಬಾತುಗಳನ್ನು ಹೊತ್ತು ಇಳಿದಿದ್ದರು.

ಎರಡನೆಯ ದಿನ ಹತ್ತು ಕಿಲೋಮೀಟರ್ ಪಶ್ಚಿಮಕ್ಕೆ ನಡೆದು ಹೋಲುವಾ ತಲುಪಿದೆವು. ಇಲ್ಲಿ ನೆಲವೆಲ್ಲ ಲಾವಾ. ಹವಾಯಿಯವರು ಅದಕ್ಕೆ ಎರಡು ಹೆಸರಿಟ್ಟಿದ್ದಾರೆ: ಮುಳ್ಳುಮುಳ್ಳಾಗಿ ಒಡೆದದ್ದು ‘ಆಆ’, ಮಡಚಿದ ಕಂಬಳಿಯಂತೆ ನುಣುಪಾಗಿ ಹೆಪ್ಪುಗಟ್ಟಿದ್ದು ‘ಪಾಹೋಯಿಹೋಯಿ’. ಪ್ರಪಂಚದ ಭೂವಿಜ್ಞಾನ ಈ ಎರಡೂ ಪದಗಳನ್ನು ಹಾಗೆಯೇ ಎತ್ತಿಕೊಂಡಿದೆ. ಒದ್ದೆ ಬಟ್ಟೆಗಳನ್ನು ಬಿಸಿಲಿಗೆ ಕಾದ ಲಾವಾದ ಮೇಲೆ ಹರವಿದರೆ ಮುಕ್ಕಾಲು ತಾಸಿನಲ್ಲಿ ಗರಿಗರಿಯಾದವು.

ಆ ರಾತ್ರಿ ಮೋಡವಿರಲಿಲ್ಲ, ಗಾಳಿಯೂ ನಿಂತಿತ್ತು. ಈ ಕಣಿವೆಯೊಳಗಿನ ಸದ್ದನ್ನು ಅಳೆದವರು, ಅದು ಕೆಲವೊಮ್ಮೆ ಮನುಷ್ಯನ ಕಿವಿಗೆ ಕೇಳಿಸುವ ಕೆಳಮಿತಿಯ ಹತ್ತಿರಕ್ಕೆ ಇಳಿಯುತ್ತದೆ ಎನ್ನುತ್ತಾರೆ. ಜೀರುಂಡೆ, ಕಪ್ಪೆ, ಹಂಚಿನಿಂದ ತೊಟ್ಟಿಕ್ಕುವ ನೀರು, ದೂರದ ನಾಯಿ, ಇಷ್ಟೂ ಸೇರಿದ್ದನ್ನೇ ನಾವು ನಿಶ್ಶಬ್ದ ಎನ್ನುತ್ತೇವೆ. ಅಲ್ಲಿ ಅದಾವುದೂ ಇಲ್ಲದಾಗ ನನ್ನ ರಕ್ತ ಕಿವಿಯಲ್ಲಿ ಓಡುವ ಸದ್ದು ಕೇಳಿಸಿತು. ಹವಾಯಿಯ ನೆಲದಲ್ಲಿ ಸಹಜವಾದ ಹಾವುಗಳಿಲ್ಲ, ಉಂಬಳವೂ ಎಲ್ಲೂ ಕಾಣಲಿಲ್ಲ. ಭಯಕ್ಕೆ ಕಾರಣವೇ ಇರಲಿಲ್ಲ. ಆದರೂ ಬಹಳ ಹೊತ್ತು ನಿದ್ರೆ ಬಾರದೆ, ಆಕಾಶಗಂಗೆ ಕಣಿವೆಯ ಒಂದು ಗೋಡೆಯಿಂದ ಇನ್ನೊಂದಕ್ಕೆ ಸರಿಯುವುದನ್ನು ನೋಡುತ್ತ ಕುಳಿತಿದ್ದೆ. ಇವತ್ತಿಗೂ ಆ ಪ್ರವಾಸದಲ್ಲಿ ನನಗೆ ಪೂರ್ತಿ ಒಗ್ಗದೆ ಉಳಿದದ್ದು ಆ ಮೌನ ಒಂದೇ.

ಮೂರನೆಯ ದಿನದ ಆರು ಕಿಲೋಮೀಟರ್‌ನಲ್ಲಿ ಬಹುಪಾಲು ಏರು. ಬಂಡೆಯ ಮುಖಕ್ಕೆ ಅಂಕುಡೊಂಕಾಗಿ ಕೊರೆದ ಆ ದಾರಿಯಲ್ಲಿ ನೂರು ಹೆಜ್ಜೆಗೊಮ್ಮೆ ನಿಂತೆ. ನಿಂತಾಗಲೆಲ್ಲ ಉತ್ತರದ ಕಂಡಿಯಿಂದ ಮೋಡ ಕಣಿವೆಯೊಳಕ್ಕೆ ನುಗ್ಗಿ, ನಡುವಿನ ಕಿಟ್ಟದ ಗುಡ್ಡಗಳ ತನಕ ಬಂದು, ಕಾದ ನೆಲದ ಮೇಲೆ ಕರಗಿಹೋಗುವುದು ಕಾಣುತ್ತಿತ್ತು. 2,435 ಮೀಟರ್ ಎತ್ತರದ ದಾರಿಯ ತುದಿಯಲ್ಲಿ ಭಾವ ಕಾರಿನೊಂದಿಗೆ ಕಾಯುತ್ತಿದ್ದರು. ಹೊತ್ತ ನೀರಿನಲ್ಲಿ ಅರ್ಧ ಬಾಟಲಿ ಉಳಿದಿತ್ತು. ಅದನ್ನು ಚೆಲ್ಲಲು ಮನಸ್ಸು ಬಾರದೆ ಮುಚ್ಚಳ ಬಿಗಿದು ಸೀಟಿನ ಪಕ್ಕದಲ್ಲಿಟ್ಟುಕೊಂಡೆ. ತಂಪು ಹತ್ತಿ ನಿದ್ರೆ ಹೋದವನಿಗೆ ಕಡಲತಡಿಯಲ್ಲಿ ಎಚ್ಚರವಾದಾಗ, ಕೆಳಗಿನ ಗಾಳಿಯ ಒತ್ತಡಕ್ಕೆ ಆ ಬಾಟಲಿ ಯಾರೋ ಕೈಯಲ್ಲಿ ಹಿಂಡಿದಂತೆ ಒಳಕ್ಕೆ ಕುಗ್ಗಿಹೋಗಿತ್ತು. ಮುಚ್ಚಳ ತಿರುಗಿಸಿದೊಡನೆ ಟಪ್ ಎಂದು ಮೊದಲಿನ ಆಕಾರಕ್ಕೆ ಬಂತು, ಉಳಿದ ನೀರನ್ನು ಕುಡಿದೆ.