ಹೆಡ್ ಬಿಚ್ಚಿಸುವ ಮೊದಲು

ಕೆಸರು, ಹೊಲ, ಕೆರೆಯಂಗಳ ದಾಟಿ ಬಂದ ಗಾಡಿ ಬಿಸಿಯಾಗತೊಡಗಿದರೆ, ದಯವಿಟ್ಟು ಹೆಡ್ (ಎಂಜಿನ್ನಿನ ಸಿಲಿಂಡರುಗಳ ಮೇಲೆ ಕೂರುವ ಭಾಗ) ಬಿಚ್ಚಿಸಲು ಒಪ್ಪಿಕೊಳ್ಳಬೇಡಿ. ಗಾಡಿ ಯಾವಾಗ ಬಿಸಿಯಾಗುತ್ತದೆ ಎಂಬುದನ್ನು ಮೊದಲು ಗಮನಿಸಿ. ನಮ್ಮ ಡೀಸೆಲ್ ಪಿಕಪ್‌ನ ಹೆಡ್ ಇನ್ನೇನು ಬಿಚ್ಚುವುದರಲ್ಲಿತ್ತು, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಮಾಗಡಿಯ ಆಚೆ ಭಾವನವರ ತೋಟವಿದೆ. ಮಳೆಗೆ ಮಣ್ಣುದಾರಿ ಕೊಚ್ಚಿಹೋದರೆ ಕೆರೆಯಂಗಳಕ್ಕೇ ಇಳಿದು, ಎದೆಮಟ್ಟದ ಹುಲ್ಲಿನ ನಡುವೆ ಲೋ ಗೇರಿನಲ್ಲಿ ಸಾಗಬೇಕು. ಈ ಸಲ ಹಾಗೆಯೇ ಹೋಗಿ ಗೊಬ್ಬರ ಇಳಿಸಿ, ದಾರಿಯಲ್ಲೇ ಗಾಡಿ ತೊಳೆಸಿಕೊಂಡು ಬೆಂಗಳೂರಿಗೆ ಹೊರಟೆವು. ತಾವರೆಕೆರೆಯಿಂದ ಬ್ಯಾಡರಹಳ್ಳಿಯವರೆಗೆ ಎಂಜಿನ್ನಿನ ಶಾಖ ತೋರಿಸುವ ಮುಳ್ಳು ನಡುವಿನಲ್ಲೇ ಇತ್ತು. ಸುಂಕದಕಟ್ಟೆಯ ದಟ್ಟಣೆಗೆ ಸಿಕ್ಕಿಕೊಂಡೊಡನೆ ಏರತೊಡಗಿತು. ಸುಮನಹಳ್ಳಿ ಬರುವಷ್ಟರಲ್ಲಿ ಕೆಂಪು ಗೆರೆಯ ಹತ್ತಿರ. ಎಸಿ ಆರಿಸಿ ಹೀಟರನ್ನು ಪೂರ್ತಿ ತೆರೆದೆ. ಎಂಜಿನ್ನಿನ ಬಿಸಿನೀರನ್ನು ಗಾಳಿಗೆ ತಣಿಸುವ ಜಾಲರಿಯೇ ರೇಡಿಯೇಟರ್; ಹೀಟರ್ ಕೂಡ ಒಂದು ಪುಟ್ಟ ರೇಡಿಯೇಟರೇ. ಎಂಜಿನ್ನಿನ ಶಾಖವನ್ನು ಕ್ಯಾಬಿನ್ನಿನೊಳಗೆ ಸುರಿಯುತ್ತದೆ. ನಮಗೆ ಬೆವರು ಕಿತ್ತು ಬಂತು, ಮುಳ್ಳು ಮಾತ್ರ ನಿಧಾನವಾಗಿ ಕೆಳಗಿಳಿಯಿತು.

ಬದಿಗೆ ನಿಲ್ಲಿಸಿದಾಗ ಯಾರೋ ನೀರಿನ ಬಾಟಲಿ ಹಿಡಿದು ಬಂದು, "ಮುಚ್ಚಳ ತೆಗೆಯಿರಿ ಸಾರ್, ನೀರು ಹಾಕೋಣ" ಎಂದರು. ಒಳ್ಳೆಯ ಮನಸ್ಸಿನವರು, ಆದರೆ ಎಂಜಿನ್ ಬಿಸಿಯಿರುವಾಗ ಆ ಕೆಲಸ ಎಂದಿಗೂ ಕೂಡದು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ; ತೆರೆದ ಪಾತ್ರೆಯ ನೀರು ಇಲ್ಲಿ 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ರೇಡಿಯೇಟರ್ ಮುಚ್ಚಳದ ಸ್ಪ್ರಿಂಗ್ ಒಳಗೆ 0.9 ಬಾರ್‌ನಷ್ಟು ಹೆಚ್ಚುವರಿ ಒತ್ತಡ ಹಿಡಿದಿಟ್ಟರೆ ಅದೇ ನೀರು 115 ಡಿಗ್ರಿಯಲ್ಲೂ ಕುದಿಯದೆ ಇರುತ್ತದೆ. ಮುಚ್ಚಳ ಸಡಿಲಿಸಿದ ಕ್ಷಣ ಒತ್ತಡ ಕುಸಿದು, ಕುದಿನೀರು ಮುಖಕ್ಕೇ ಚಿಮ್ಮುತ್ತದೆ. ಮುಚ್ಚಳದ ರಬ್ಬರ್ ಒಣಗಿ ಬಿರಿದಿದ್ದರೆ ಈ ಒತ್ತಡವೇ ನಿಲ್ಲದು. ಜೆ.ಸಿ. ರಸ್ತೆಯಲ್ಲಿ ಸಿಗುವ ಬಿಡಿಭಾಗಗಳಲ್ಲಿ ಇದು ತೀರಾ ಅಗ್ಗದ್ದು. ಅನುಮಾನ ಬಂದರೆ ಬದಲಿಸಿಬಿಡಿ.

ಮರುದಿನ ಗ್ಯಾರೇಜಿನವರು ಬಾನೆಟ್ ಎತ್ತಿ ನೋಡಿ, "ಹೆಡ್ ಗ್ಯಾಸ್ಕೆಟ್ ಹೋಗಿದೆ" ಎಂದುಬಿಟ್ಟರು; ಅಂದರೆ ಹೆಡ್ಡಿನ ಕೆಳಗಿನ, ಸೋರಿಕೆ ತಡೆಯುವ ಪದರ ಹಾಳಾಗಿದೆ, ಹೆಡ್ ಬಿಚ್ಚಬೇಕು ಎಂದು. ಯಾವ ಲಕ್ಷಣದಿಂದ ಹಾಗೆ ಹೇಳುತ್ತೀರಿ ಎಂದು ಕೇಳಿದೆ. ಎಂಜಿನ್ ತಣ್ಣಗಿದ್ದಾಗ ರೇಡಿಯೇಟರ್ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿಸಿದರೆ ರೇಡಿಯೇಟರಿನ ಬಾಯಲ್ಲಿ ಒಂದೇ ಸಮನೆ ಗುಳ್ಳೆ ಏಳಲಿಲ್ಲ. ಆಯಿಲ್ ಕಡ್ಡಿಯಲ್ಲಿ ಹಾಲು ಬೆರೆಸಿದಂಥ ಬಣ್ಣವಿರಲಿಲ್ಲ. ಬಿಳಿ ಹೊಗೆಯಿಲ್ಲ, ಕೂಲೆಂಟ್ (ಎಂಜಿನ್ ತಣಿಸುವ ದ್ರವ) ಮಟ್ಟವೂ ಇಳಿದಿಲ್ಲ. ಗ್ಯಾಸ್ಕೆಟ್ ಹೋದರೆ ಇವುಗಳಲ್ಲಿ ಒಂದಾದರೂ ಕಾಣಿಸಿಕೊಳ್ಳುವುದೇ ಹೆಚ್ಚು.

ಓಡುವಾಗ ತಣ್ಣಗಿದ್ದು, ನಿಂತಾಗ ಬಿಸಿಯಾದರೆ ಅದು ರೇಡಿಯೇಟರಿನ ಮೂಲಕ ಹಾಯುವ ಗಾಳಿಯ ತೊಂದರೆ. ನಿಂತಾಗ ಸರಿಯಿದ್ದು ವೇಗದಲ್ಲೋ ಏರಿನಲ್ಲೋ ಬಿಸಿಯಾದರೆ ನೀರಿನ ಹರಿವನ್ನು ಅನುಮಾನಿಸಬೇಕು: ಒಳಗೆ ಕಟ್ಟಿದ ರೇಡಿಯೇಟರ್, ಸವೆದ ಪಂಪ್, ಪೂರ್ತಿ ತೆರೆಯದ ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದ ಮೇಲೆ ರೇಡಿಯೇಟರಿಗೆ ನೀರು ಬಿಡುವ ಕವಾಟ). ನಮ್ಮದು ಮೊದಲನೆಯ ಬಗೆ. ಎಂಜಿನ್ ಆರಿಸಿ, ಬಿಸಿಯಿರುವಾಗಲೇ ಫ್ಯಾನನ್ನು ಕೈಯಿಂದ ತಿರುಗಿಸಿ ನೋಡಿದೆ. ಫ್ಯಾನನ್ನು ಎಂಜಿನ್ನಿಗೆ ಜೋಡಿಸುವ ಕ್ಲಚ್ಚಿನೊಳಗಿನ ಸಿಲಿಕೋನ್ ಎಣ್ಣೆಯ ಬಿಗಿ ಕೈಗೆ ಗೊತ್ತಾಯಿತು, ಅಂದರೆ ಫ್ಯಾನ್ ಕ್ಲಚ್ ಸರಿಯಿದೆ. ಕ್ಲಚ್ ಸತ್ತಿದ್ದರೆ ಫ್ಯಾನ್ ತಡೆಯಿಲ್ಲದೆ ಗಿರಗಿರನೆ ತಿರುಗುತ್ತಿತ್ತು. ಬೆಲ್ಟೂ ಬಿಗಿಯಾಗಿತ್ತು.

ಇನ್ನುಳಿದದ್ದು ಗಾಳಿಯ ದಾರಿ. ಮುಂದಿನಿಂದ ನೋಡಿದರೆ ಎಲ್ಲವೂ ಫಳಫಳ. ಮುಂದಿರುವ ಎಸಿ ಕಂಡೆನ್ಸರಿಗೂ (ಎಸಿಯ ಶಾಖ ಹೊರಹಾಕುವ ಜಾಲರಿ) ಹಿಂದಿನ ರೇಡಿಯೇಟರಿಗೂ ನಡುವೆ ಎರಡು ಬೆರಳಿನ ಸಂದು ಇತ್ತು. ಮೇಲಿನ ಪ್ಲಾಸ್ಟಿಕ್ ಪಟ್ಟಿ ಬಿಚ್ಚಿ, ಮೊಬೈಲ್ ಟಾರ್ಚನ್ನು ಆ ಸಂದಿಗೆ ಇಳಿಬಿಟ್ಟು ಎಂಜಿನ್ ಕಡೆಯಿಂದ ಕಣ್ಣಿಟ್ಟೆ. ಮೇಲರ್ಧದಲ್ಲಿ ಫಿನ್ನುಗಳ (ಶಾಖ ಬಿಡುವ ತೆಳು ಪಟ್ಟಿಗಳ) ನಡುವಿನಿಂದ ಬೆಳಕು ಜರಡಿಯಲ್ಲಿ ಸೋಸಿದಂತೆ ಬರುತ್ತಿತ್ತು. ಕೆಳಗಿನ ಅರ್ಧ ಕಗ್ಗತ್ತಲು. ಮುಂದಿನಿಂದ ಜೋರಾಗಿ ಹೊಡೆದ ನೀರು ಕಂಡೆನ್ಸರನ್ನು ತೊಳೆದು, ಅದರ ಕೆಸರನ್ನೆಲ್ಲ ಹಿಂದಿನ ರೇಡಿಯೇಟರಿಗೆ ಒತ್ತಿಬಿಟ್ಟಿತ್ತು.

ಕಾಮಾಕ್ಷಿಪಾಳ್ಯದ ಒಂದು ರೇಡಿಯೇಟರ್ ಅಂಗಡಿಗೆ ಒಯ್ದೆ. ಅಲ್ಲಿನ ಹಿರಿಯರು ರೇಡಿಯೇಟರನ್ನು ಇಳಿಸಿ ರಾತ್ರಿಯಿಡೀ ನೀರಿನಲ್ಲಿ ನೆನೆಹಾಕಿದರು. ಬೆಳಿಗ್ಗೆ ಎಂಜಿನ್ ಕಡೆಯ ಮೈಯಿಂದ, ಗಾಳಿ ಬರುವ ದಿಕ್ಕಿಗೆ ಎದುರಾಗಿ, ಬರೀ ಪೈಪಿನ ನೀರು ಬಿಟ್ಟರು. ಕೆಂಪು ನೀರಿನೊಂದಿಗೆ ರಾಗಿ ಹುಲ್ಲಿನ ಚೂರು, ಉತ್ತರಾಣಿಯ ಮುಳ್ಳುಬೀಜ, ಒಂದು ಜೀರುಂಡೆಯ ರೆಕ್ಕೆ, ಎಲ್ಲವೂ ಇಳಿದು ಬಂದವು. ಮಡಚಿದ ಫಿನ್ನುಗಳನ್ನು ಅವರು ತೆಳುವಾದ ತಗಡಿನಿಂದ ಒಂದೊಂದಾಗಿ ನೇರ ಮಾಡಿದ ಸಹನೆ ನೋಡಬೇಕಿತ್ತು. ಫ್ಯಾನಿನ ಸುತ್ತಲಿನ ಪ್ಲಾಸ್ಟಿಕ್ ಬಳೆಯ ಕೆಳಗಿನ ಕ್ಲಿಪ್ ಮುರಿದಿದ್ದನ್ನು ಕಂಡುಹಿಡಿದವರೂ ಅವರೇ. ಬಳೆ ಜೋತುಬಿದ್ದರೆ ಫ್ಯಾನ್ ರೇಡಿಯೇಟರಿನ ಮೂಲಕ ಎಳೆಯುವ ಬದಲು ಪಕ್ಕದ ಬಿಸಿಗಾಳಿಯನ್ನೇ ಎಳೆಯುತ್ತದೆ.

ಅಲ್ಲಿದ್ದ ಇನ್ನೊಬ್ಬರು, "ಥರ್ಮೋಸ್ಟಾಟ್ ತೆಗೆದುಬಿಡಿ, ನಮ್ಮ ಊರಿನ ಹವೆಗೆ ಅದು ಬೇಡ" ಎಂದರು. ಈ ಸಲಹೆಯನ್ನು ನಾನು ಗಟ್ಟಿಯಾಗಿ ವಿರೋಧಿಸುತ್ತೇನೆ. ಅದಿಲ್ಲದಿದ್ದರೆ ಡೀಸೆಲ್ ಎಂಜಿನ್ ಬೇಕಾದ ಶಾಖಕ್ಕೆ ಬರಲು ಒದ್ದಾಡುತ್ತದೆ, ಇಂಧನವೂ ಹೆಚ್ಚು ಸುಡುತ್ತದೆ. ಬೈಪಾಸ್ ದಾರಿಯನ್ನು ಮುಚ್ಚುವ ಬಗೆಯ ಥರ್ಮೋಸ್ಟಾಟ್ ಆಗಿದ್ದರೆ, ಅದನ್ನು ಕಿತ್ತ ಮೇಲೆ ಒಂದಷ್ಟು ನೀರು ರೇಡಿಯೇಟರಿಗೆ ಹೋಗದೆಯೇ ಎಂಜಿನ್ನಿಗೆ ಮರಳಿ, ಭಾರ ಬಿದ್ದಾಗ ಬಿಸಿ ಹೆಚ್ಚುತ್ತದೆ. ಅನುಮಾನವಿದ್ದರೆ ಪಾತ್ರೆಯ ನೀರಿನಲ್ಲಿ ತೂಗುಬಿಟ್ಟು ಕಾಯಿಸಿ ನೋಡಿ. ನಮ್ಮದರ ಮೇಲೆ 82 ಎಂದು ಅಚ್ಚಾಗಿತ್ತು. ಆ ಶಾಖ ದಾಟುತ್ತಿದ್ದಂತೆ ಬಾಯಿ ಬಿಡತೊಡಗಿತು. ಅದನ್ನೇ ಮತ್ತೆ ಕೂರಿಸಿದೆವು.

ತುಂಬಿಸುವಾಗ ಬೋರ್‌ವೆಲ್ ನೀರು ಬೇಡ; ಸ್ನಾನದ ಗೀಸರಿನಲ್ಲಿ ಕಟ್ಟುವ ಬಿಳಿ ಪದರವೇ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ. ಕೂಲೆಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಸಮಸಮ ಬೆರೆಸಿ, ಗಾಡಿಯ ಮೂತಿ ಮೇಲಾಗುವಂತೆ ನಿಲ್ಲಿಸಿ, ಹೀಟರ್ ತೆರೆದಿಟ್ಟು ಒಳಗಿನ ಗಾಳಿ ಹೊರಡಿಸಿ. ಮರುದಿನ ಎಂಜಿನ್ ತಣ್ಣಗಿರುವಾಗ ಮಟ್ಟ ನೋಡಿ, ಇಳಿದಷ್ಟನ್ನು ಸೇರಿಸಿ.