ಪೂರ್ವ ಕ್ಲೇರ್ ಕ್ಷೇತ್ರದ ಚರಿತ್ರೆ: ಮತದಾರರ ಕಲಂ ಸೇರಿದ ಮೇಲಿನ ಪ್ರಗತಿ

ಐರ್ಲೆಂಡಿನ ಪಶ್ಚಿಮ ಭಾಗದ ಕ್ಲೇರ್ ಕೌಂಟಿಯಲ್ಲಿ 1885ರಿಂದ 1922ರವರೆಗೆ ಇದ್ದ ‘ಪೂರ್ವ ಕ್ಲೇರ್’ ಎಂಬ, ಬ್ರಿಟಿಷ್ ಸಂಸತ್ತಿಗೆ ಸದಸ್ಯರನ್ನು ಕಳುಹಿಸುತ್ತಿದ್ದ ಗ್ರಾಮೀಣ ಕ್ಷೇತ್ರದ ಚರಿತ್ರೆಯನ್ನು ಕನ್ನಡದಲ್ಲಿ ಬರೆದಿಡುವ ಕೆಲಸ ಈಗ ಒಂದು ಹದಕ್ಕೆ ಬಂದಿದೆ. ಗಡಿನಕ್ಷೆಯ ಕರಡು ಸಿದ್ಧವಾಗಿದೆ: ಪೂರ್ವಕ್ಕೆ ಡರ್ಗ್ ಸರೋವರ, ದಕ್ಷಿಣಕ್ಕೆ ಶಾನನ್ ನದಿ, ನಡುವೆ ಟುಲ್ಲಾ, ಸ್ಕ್ಯಾರಿಫ್, ಕಿಲ್ಲಲೂ, ಬೊಡೈಕ್ ಮೊದಲಾದ ಊರುಗಳು. ಸದಸ್ಯರ ಪಟ್ಟಿಯೂ ಮುಗಿದಿದೆ. ಅದು ಬಹಳ ಚಿಕ್ಕದು: ಜೋಸೆಫ್ ಕಾಕ್ಸ್, ವಿಲ್ಲಿ ರೆಡ್ಮಂಡ್, ಏಮನ್ ಡಿ ವಲೇರಾ. ಆದರೆ ಪ್ರತಿ ಚುನಾವಣೆಯ ಎದುರಿಗೆ ‘ಆಗ ಮತದ ಹಕ್ಕು ಯಾರಿಗಿತ್ತು’ ಎಂಬ ಹೊಸ ಕಲಂ ಸೇರಿಸಿದ ಮೇಲೆ, ಗೆದ್ದವರಿಗಿಂತ ಮತದಾರರ ಕತೆಯೇ ಹೆಚ್ಚು ಬರೆಯಬೇಕಾದದ್ದು ಎಂದು ನನಗೆ ಮನವರಿಕೆಯಾಗಿದೆ. ಈ ಕಂತಿನ ಕೆಲಸವೆಲ್ಲ ಆ ಕಲಂನದೇ.

ಅದನ್ನು ತುಂಬಲು 1885ಕ್ಕಿಂತ ಹಿಂದಕ್ಕೆ, ಇಡೀ ಕೌಂಟಿ ಒಂದೇ ಕ್ಷೇತ್ರವಾಗಿದ್ದ ಕಾಲಕ್ಕೆ, ಹೋಗಲೇಬೇಕಾಯಿತು. 1828ರಲ್ಲಿ ಕ್ಲೇರ್‌ನ ಸದಸ್ಯ ವಿಲಿಯಂ ವೀಸಿ-ಫಿಟ್ಜೆರಾಲ್ಡ್ ಮಂತ್ರಿಯಾದರು. ಅಂದಿನ ನಿಯಮದಂತೆ ಮಂತ್ರಿಯಾದವರು ಮತ್ತೆ ಮತದಾರರ ಮುಂದೆ ಬರಬೇಕಿತ್ತು. ಅವರ ವಿರುದ್ಧ ನಿಂತವರು ಕ್ಯಾಥೊಲಿಕರ ನಾಯಕ, ಸ್ವತಃ ಕ್ಯಾಥೊಲಿಕರಾದ ಡೇನಿಯಲ್ ಓ'ಕಾನೆಲ್. ಕ್ಯಾಥೊಲಿಕರು ಸ್ಪರ್ಧಿಸುವುದಕ್ಕೆ ಅಡ್ಡಿ ಇರಲಿಲ್ಲ. ಗೆದ್ದ ಮೇಲೆ ಸದನದಲ್ಲಿ ತೆಗೆದುಕೊಳ್ಳಬೇಕಿದ್ದ ಪ್ರಮಾಣವಚನ ಮಾತ್ರ ಅವರ ಧರ್ಮಕ್ಕೆ ವಿರುದ್ಧವಾಗಿತ್ತು. ಫಿಟ್ಜೆರಾಲ್ಡ್ ಕೆಟ್ಟ ಜಮೀನುದಾರರಲ್ಲ, ಕ್ಯಾಥೊಲಿಕರ ಹಕ್ಕುಗಳ ಪರವಾಗಿಯೇ ಇದ್ದವರು. ಆದ್ದರಿಂದ ಈ ಸ್ಪರ್ಧೆಯನ್ನು ಒಬ್ಬ ವ್ಯಕ್ತಿಯ ಮೇಲಿನ ಸಿಟ್ಟೆಂದು ಓದುವುದು ಸರಿಯಲ್ಲ.

ಮತ ಹಾಕಿದವರಲ್ಲಿ ಹೆಚ್ಚಿನವರು ವರ್ಷಕ್ಕೆ 40 ಶಿಲ್ಲಿಂಗ್ ಮೌಲ್ಯದ ಹಿಡುವಳಿ ಇದ್ದ ಸಣ್ಣ ಒಕ್ಕಲುಗಳು. ಗುಪ್ತ ಮತದಾನ ಬಂದದ್ದು 1872ರಲ್ಲಿ. ಅಲ್ಲಿಯವರೆಗೆ ಎಲ್ಲರ ಎದುರಿಗೆ ಅಭ್ಯರ್ಥಿಯ ಹೆಸರನ್ನು ಬಾಯಿಬಿಟ್ಟು ಹೇಳಬೇಕಿತ್ತು. ಜಮೀನುದಾರನ ಮಾತು ಮೀರಿದವನು ಗೇಣಿಯ ನೆಲವನ್ನೇ ಕಳೆದುಕೊಳ್ಳಬಹುದಾಗಿತ್ತು. ಅಂಥವರು ತಮ್ಮ ಪಾದ್ರಿಗಳ ಜೊತೆ ಸಾಲುಸಾಲಾಗಿ ಎನಿಸ್ ಪಟ್ಟಣಕ್ಕೆ ನಡೆದು ಬಂದು, ಮದ್ಯವನ್ನು ಮುಟ್ಟದೆ, ಗಲಭೆ ಮಾಡದೆ ಓ'ಕಾನೆಲ್ ಹೆಸರನ್ನು ಹೇಳಿದರು. ಓ'ಕಾನೆಲ್‌ಗೆ 2,057 ಮತ, ಫಿಟ್ಜೆರಾಲ್ಡ್‌ಗೆ 982. ಈ ಅಂಕಿಗಳನ್ನು ಪಟ್ಟಿಗೆ ಏರಿಸುವಾಗ, ಪ್ರತಿಯೊಂದು ಮತದ ಹಿಂದೆ ಎಷ್ಟು ದೊಡ್ಡ ಅಪಾಯವಿತ್ತು ಎಂಬುದನ್ನು ಟಿಪ್ಪಣಿಯಲ್ಲಿ ಬರೆಯದೆ ಮುಂದೆ ಹೋಗಲು ನನಗೆ ಮನಸ್ಸಾಗಲಿಲ್ಲ.

ಮುಂದಿನ ಸಾಲು ಬರೆಯುವುದು ಇನ್ನೂ ಕಷ್ಟವಾಯಿತು. 1829ರ ಏಪ್ರಿಲ್‌ನಲ್ಲಿ ಕ್ಯಾಥೊಲಿಕರಿಗೆ ಸಂಸತ್ತಿನ ಬಾಗಿಲು ತೆರೆದ ಕಾನೂನಿನ ಜೊತೆಗೇ ಐರ್ಲೆಂಡಿನ ಕೌಂಟಿಗಳಲ್ಲಿ ಮತದಾನದ ಅರ್ಹತೆಯನ್ನು 40 ಶಿಲ್ಲಿಂಗ್‌ನಿಂದ (ಎಂದರೆ 2 ಪೌಂಡಿನಿಂದ) 10 ಪೌಂಡಿಗೆ ಏರಿಸುವ ಇನ್ನೊಂದು ಕಾನೂನು ಬಂತು. ಎರಡು ಲಕ್ಷಕ್ಕೂ ಹೆಚ್ಚಿದ್ದ ಕೌಂಟಿ ಮತದಾರರ ಸಂಖ್ಯೆ ಸುಮಾರು 37,000ಕ್ಕೆ ಇಳಿಯಿತು. ತಮ್ಮ ಪ್ರತಿನಿಧಿಯನ್ನು ಬ್ರಿಟಿಷ್ ಸಂಸತ್ತಿರುವ ವೆಸ್ಟ್‌ಮಿನ್‌ಸ್ಟರ್‌ಗೆ ಕಳುಹಿಸಿದ ಒಕ್ಕಲುಗಳು ಆ ಗೆಲುವಿನ ಬೆಲೆಯಾಗಿ ತಮ್ಮ ಮತವನ್ನೇ ತೆತ್ತರು. ಹಳೆಯ ಪ್ರಮಾಣವಚನವನ್ನು ನಿರಾಕರಿಸಿದ್ದರಿಂದ ಓ'ಕಾನೆಲ್ ಮತ್ತೊಮ್ಮೆ ಆಯ್ಕೆಯಾಗಿ ಬರಬೇಕಾಯಿತು; 1829ರ ಜುಲೈನಲ್ಲಿ ಅವರು ಅವಿರೋಧವಾಗಿ ಬಂದರು. ಎನಿಸ್‌ನ ಮಧ್ಯದಲ್ಲಿ ಎತ್ತರದ ಕಂಬದ ಮೇಲೆ ಅವರ ಪ್ರತಿಮೆ ಇದೆ. ಆ ಮತದಾರರಿಗೂ ಅಷ್ಟೇ ಎತ್ತರದ ಜಾಗ ಸಲ್ಲಬೇಕೆಂಬುದು ನನ್ನ ಅಭಿಪ್ರಾಯ.

ನಡುವಿನ ದಶಕಗಳನ್ನು ಸದ್ಯಕ್ಕೆ ಚುಟುಕಾಗಿ ಬರೆದಿದ್ದೇನೆ. ಮಹಾಕ್ಷಾಮದ ಆಚೀಚೆ ಕೌಂಟಿಯ ಜನಸಂಖ್ಯೆ 1841ರ 2,86,394ರಿಂದ 1851ಕ್ಕೆ 2,12,440ಕ್ಕೆ ಕುಸಿಯಿತು; ಈ ಎರಡು ಸಂಖ್ಯೆಗಳನ್ನು ಪಕ್ಕದಲ್ಲಿಟ್ಟುಕೊಳ್ಳದೆ ಮತದಾರರ ಸಂಖ್ಯೆಯ ಮಾತಿಗೆ ಅರ್ಥವಿಲ್ಲ. 1884ರ ಕಾಯ್ದೆ ಗ್ರಾಮೀಣ ಮನೆಗಳ ಯಜಮಾನರಾದ ಗಂಡಸರಿಗೆ ಮತ ಕೊಟ್ಟು ಐರ್ಲೆಂಡಿನ ಮತದಾರರನ್ನು ಸುಮಾರು ಮೂರು ಪಟ್ಟು ಹೆಚ್ಚಿಸಿತು. ಮರುವರ್ಷದ ಪುನರ್ವಿಂಗಡಣೆಯಲ್ಲಿ ಕ್ಲೇರ್ ಪೂರ್ವ, ಪಶ್ಚಿಮ ಎಂದು ಇಬ್ಭಾಗವಾಯಿತು. ಎನಿಸ್ ಪಟ್ಟಣಕ್ಕಿದ್ದ ಪ್ರತ್ಯೇಕ ಸ್ಥಾನ ರದ್ದಾಯಿತು.

ರೆಡ್ಮಂಡ್ 1892ರಿಂದ 25 ವರ್ಷ ಪೂರ್ವ ಕ್ಲೇರ್‌ನ ಸದಸ್ಯರಾಗಿದ್ದರು, ಹಲವು ಬಾರಿ ಅವಿರೋಧವಾಗಿ. ಐವತ್ತು ದಾಟಿದ ವಯಸ್ಸಿನಲ್ಲಿ ಸೈನ್ಯ ಸೇರಿ, 1917ರ ಜೂನ್ 7ರಂದು ಮೊದಲ ಮಹಾಯುದ್ಧದ ಮೆಸೀನ್ ಕದನದಲ್ಲಿ ಗಾಯಗೊಂಡು ತೀರಿಕೊಂಡರು. ಆ ತೆರವಿಗೆ ನಡೆದ ಉಪಚುನಾವಣೆ ಈ ಕ್ಷೇತ್ರದ ಹೆಸರನ್ನು ಚರಿತ್ರೆಯಲ್ಲಿ ಉಳಿಸಿತು. ಬ್ರಿಟಿಷ್ ಆಳ್ವಿಕೆಯ ವಿರುದ್ಧದ 1916ರ ದಂಗೆಯಲ್ಲಿ ಮರಣದಂಡನೆಗೆ ಗುರಿಯಾಗಿ, ಅದು ರದ್ದಾಗಿ, ಜೂನ್‌ನಲ್ಲಷ್ಟೇ ಸೆರೆಯಿಂದ ಬಿಡುಗಡೆಯಾಗಿದ್ದ ಗಣಿತದ ಮೇಷ್ಟ್ರು ಡಿ ವಲೇರಾ, ಪೂರ್ಣ ಸ್ವಾತಂತ್ರ್ಯ ಕೇಳುತ್ತಿದ್ದ ಶಿನ್ ಫೇನ್ ಪಕ್ಷದಿಂದ ನಿಂತರು. ಎದುರಿಗೆ, ಸ್ವಯಮಾಡಳಿತವನ್ನಷ್ಟೇ ಕೇಳುತ್ತಿದ್ದ ರೆಡ್ಮಂಡ್ ಅವರ ಪಕ್ಷದ ಬ್ಯಾರಿಸ್ಟರ್ ಪ್ಯಾಟ್ರಿಕ್ ಲಿಂಚ್. ಮೇ ತಿಂಗಳಲ್ಲಿ ದಕ್ಷಿಣ ಲಾಂಗ್‌ಫರ್ಡ್‌ನಲ್ಲಿ ಇದೇ ಪಕ್ಷ ಗೆದ್ದದ್ದು ಬರೀ 37 ಮತಗಳಿಂದ. ಇಲ್ಲಿ ಜುಲೈ 10ರ ಮತದಾನದಲ್ಲಿ ಡಿ ವಲೇರಾಗೆ 5,010, ಲಿಂಚ್‌ಗೆ 2,035. ಇದು ಹೊಸ ತಲೆಮಾರಿನ ಗೆಲುವೆಂದು ಹೇಳುವುದು ವಾಡಿಕೆ. ಆದರೆ ಯುದ್ಧದ ಕಾರಣ ಪರಿಷ್ಕರಣೆಯಾಗದ ಹಳೆಯ ಪಟ್ಟಿಯಲ್ಲಿ ನಡೆದ ಈ ಚುನಾವಣೆಯಲ್ಲಿ ಮತ ಹಾಕಿದವರು ಬಹುಪಾಲು ಮನೆಯ ಯಜಮಾನರಾದ ಗಂಡಸರು. ವರ್ಷಗಟ್ಟಲೆ ರೆಡ್ಮಂಡ್ ಅವರನ್ನು ಒಪ್ಪಿಕೊಂಡಿದ್ದ ವರ್ಗವೇ ಬದಲಾಯಿತೆಂಬುದು ನನ್ನ ದೃಷ್ಟಿಯಲ್ಲಿ ಹೆಚ್ಚು ಮಹತ್ವದ ಸಂಗತಿ. ಸೋತ ಲಿಂಚ್ 1936ರಲ್ಲಿ ಡಿ ವಲೇರಾ ಸರ್ಕಾರದ ಅಟಾರ್ನಿ ಜನರಲ್ ಆದರು ಎಂಬುದನ್ನೂ ಪಟ್ಟಿಯಲ್ಲಿ ದಾಖಲಿಸಿದ್ದೇನೆ.

ಇನ್ನು ಈ ಕಂತಿನ ಮುಖ್ಯ ಫಲಿತಾಂಶ. 1918ರ ಕಾಯ್ದೆ 21 ತುಂಬಿದ ಗಂಡಸರಿಗೂ, ಕೆಲವು ಅರ್ಹತೆಗಳಿದ್ದ 30 ದಾಟಿದ ಹೆಂಗಸರಿಗೂ ಮತ ಕೊಟ್ಟಿತು. ಆ ಡಿಸೆಂಬರ್‌ನಲ್ಲಿ ಐರ್ಲೆಂಡಿನ ಹೆಂಗಸರು ಮೊದಲ ಬಾರಿಗೆ ಸಂಸತ್ತಿಗೆ ಮತ ಹಾಕಿದರೆಂದು ಓದುತ್ತೇವೆ. ಪೂರ್ವ ಕ್ಲೇರ್‌ನಲ್ಲಿ ಹಾಗಾಗಲಿಲ್ಲ: ಲಿಂಕನ್ ಸೆರೆಮನೆಯಲ್ಲಿದ್ದ ಡಿ ವಲೇರಾ ಅವಿರೋಧವಾಗಿ ಆಯ್ಕೆಯಾದರು, ಪಶ್ಚಿಮ ಕ್ಲೇರ್‌ನಲ್ಲೂ ಸ್ಪರ್ಧೆ ನಡೆಯಲಿಲ್ಲ. 1921ರಲ್ಲಿ ದಕ್ಷಿಣ ಐರ್ಲೆಂಡಿನ ಹೊಸ ಸಂಸತ್ತಿಗಾಗಿ ಎರಡೂ ಸೇರಿ ನಾಲ್ಕು ಸ್ಥಾನಗಳ ಕ್ಲೇರ್ ಕ್ಷೇತ್ರವಾಯಿತು. ಆಗಲೂ ನಾಲ್ವರೂ ಅವಿರೋಧ. 1922ರಲ್ಲಿ ಬ್ರಿಟನ್ ಜೊತೆಗಿನ ಒಪ್ಪಂದದ ಪರ, ವಿರೋಧ ಬಣಗಳು ಮಾಡಿಕೊಂಡ ಹೊಂದಾಣಿಕೆಯಿಂದ ಅದೇ ನಾಲ್ವರು ಮತ್ತೆ ಅವಿರೋಧವಾಗಿ ಬಂದರು. ಹೀಗಾಗಿ 1918ರಲ್ಲಿ ಹಕ್ಕು ಪಡೆದ ಟುಲ್ಲಾದ ಹೆಂಗಸೊಬ್ಬಳು ಸಂಸತ್ತಿನ ಚುನಾವಣೆಯಲ್ಲಿ ಅದನ್ನು ಬಳಸಲು 1923ರ ಆಗಸ್ಟ್ 27ರವರೆಗೆ ಕಾಯಬೇಕಾಯಿತು. ಅಷ್ಟರಲ್ಲಿ ಪೂರ್ವ ಕ್ಲೇರ್ ಕ್ಷೇತ್ರವೇ ಇರಲಿಲ್ಲ.

1923ರ ಸಾಲನ್ನು ಅನುಬಂಧವಾಗಿ ಸೇರಿಸುತ್ತಿದ್ದೇನೆ. ಆ ತಿಂಗಳ 15ರಂದು ಎನಿಸ್‌ನ ವೇದಿಕೆಯಲ್ಲೇ ಬಂಧಿತರಾದ ಡಿ ವಲೇರಾ ಬಂಧನದಲ್ಲಿದ್ದುಕೊಂಡೇ ಮೊದಲಿಗರಾಗಿ ಗೆದ್ದರು. ಆಗ ಸ್ಥಾನಗಳು ಐದು, ಎಣಿಕೆ ಪ್ರಾಶಸ್ತ್ಯ ಮತಗಳದ್ದು. ನಮ್ಮ ವಿಧಾನ ಪರಿಷತ್ ಚುನಾವಣೆಗಳ ಎಣಿಕೆಯನ್ನು ಬಲ್ಲವರಿಗೆ ಆ ಕ್ರಮ ಅಪರಿಚಿತವಲ್ಲ. ಸುತ್ತಿನಿಂದ ಸುತ್ತಿಗೆ ಹೆಚ್ಚುವರಿ ಮತಗಳ ವರ್ಗಾವಣೆಯನ್ನು ತೋರಿಸುವ ಕೋಷ್ಟಕ ಮುಂದಿನ ಕೆಲಸ. ಆಮೇಲೆ ಪಶ್ಚಿಮ ಕ್ಲೇರ್‌ಗೂ ಇದೇ ಕಲಂ ತುಂಬಬೇಕು.