ತೂತು ಬಿದ್ದ ಎಲೆಗಳು

ಅಮೆರಿಕದ ಒಹಾಯೋದ ನಮ್ಮ ಮನೆಯ ಫ್ರಿಜ್ಜಿನಲ್ಲಿ ಒಂದು ಚಳಿಗಾಲವಿಡೀ ಒಂದು ಡಬ್ಬಿ ಇತ್ತು. ಒಳಗೆ ಒದ್ದೆ ಮರಳು, ಮರಳಿನಲ್ಲಿ ಬೀಜ. ಮನೆಗೆ ಬಂದ ಗೆಳತಿ ಮುಚ್ಚಳ ತೆರೆದು ನೋಡಿ, ಏನೂ ಕೇಳದೆ ಮೆಲ್ಲಗೆ ಮುಚ್ಚಿಟ್ಟಳು.

ಅದರ ಹಿಂದಿನ ಮೇ ತಿಂಗಳಲ್ಲಿ ಅದೇ ಬೀಜವನ್ನು ನೇರ ಮಣ್ಣಿಗೆ ಹಾಕಿ, ದಿನಾ ನೀರೆರೆದು, ಒಂದೂ ಮೊಳೆಯದಿದ್ದಾಗ ಮಾರಿದವನನ್ನು ಬೈದುಕೊಂಡಿದ್ದೆ. ತಪ್ಪು ನನ್ನದೇ. ಮಿಲ್ಕ್‌ವೀಡ್ ಇಲ್ಲಿನದೇ ಗಿಡ. ಒಂದು ಚಳಿಗಾಲ ಕಳೆಯಿತೆಂದು ಖಾತ್ರಿಯಾಗದೆ ಅದರ ಬೀಜ ಸುಲಭಕ್ಕೆ ಕಣ್ಣು ಬಿಡುವುದಿಲ್ಲ. ಚಳಿಗೆ ಮುಂಚೆಯೇ ಬಿತ್ತಿದರೆ ಹಿಮವೇ ಆ ಕೆಲಸ ಮಾಡುತ್ತದೆ. ಹೊತ್ತು ಮೀರಿದವರಿಗೆ ಫ್ರಿಜ್ಜು, ಒಂದು ತಿಂಗಳಾದರೂ.

ನಾನು ಆರಿಸಿದ್ದು ಗುಲಾಬಿ ಬಣ್ಣದ ಹೂ ಬಿಡುವ, ಜೌಗು ನೆಲದ ಜಾತಿ. ಹಿತ್ತಿಲ ಮೂಲೆಯಲ್ಲಿ ಬರೀ ಜೇಡಿಮಣ್ಣು, ನೀರು ನಿಲ್ಲುತ್ತದೆ. ಹುಲ್ಲು ಕೊಳೆಯುತ್ತಿದ್ದ ಜಾಗ ಇದಕ್ಕೆ ಹೇಳಿ ಮಾಡಿಸಿದಂತಿತ್ತು; ಎರಡನೆಯ ಬೇಸಿಗೆಗೆ ಗಿಡ ಎದೆಯೆತ್ತರ. ಒಂದು ಎಲೆ ಮುರಿದಾಗ ಬಿಳಿ ಹಾಲು ಬೆರಳಿಗೆ ಅಂಟಿತು. ಅರೆ, ಎಕ್ಕ! ವಿಚಾರಿಸಿದರೆ ಎರಡೂ ಒಂದೇ ಕುಟುಂಬದವು. ಎಕ್ಕದ ಎಲೆ ತಿಂದು ಬೆಳೆಯುವ ಕಿತ್ತಳೆ ಬಣ್ಣದ ಪ್ಲೇನ್ ಟೈಗರ್ ಚಿಟ್ಟೆ ಇದೆಯಲ್ಲ, ಇಲ್ಲಿನ ಮೊನಾರ್ಕ್ ಅದರ ದಾಯಾದಿ. ಮೊನಾರ್ಕ್ ಮರಿಗೆ ಮಿಲ್ಕ್‌ವೀಡ್ ಬಿಟ್ಟರೆ ಗತಿಯಿಲ್ಲ.

ಜುಲೈನಲ್ಲಿ ಎಲೆಯ ಅಡಿಯಲ್ಲಿ ಮೊಟ್ಟೆ ಸಿಕ್ಕಿತು. ಗುಂಡುಸೂಜಿಯ ತಲೆಯಷ್ಟು, ಕೆನೆ ಬಣ್ಣ, ಮೈಮೇಲೆ ಉದ್ದುದ್ದ ಗೀರು. ನಾಲ್ಕನೆಯ ದಿನ ಮರಿ ಹೊರಬಂದು ಮೊದಲು ತನ್ನ ಮೊಟ್ಟೆಯ ಸಿಪ್ಪೆಯನ್ನೇ ತಿಂದಿತು, ಆಮೇಲೆ ಎಲೆಗೆ ಬಾಯಿ ಹಾಕಿತು. ಎರಡು ವಾರದಲ್ಲಿ ಕಪ್ಪು, ಹಳದಿ, ಬಿಳಿ ಪಟ್ಟೆಯ ಕಿರುಬೆರಳು! ಎಲೆಗಳಲ್ಲಿ ನಡುನರ ಮಾತ್ರ ಉಳಿದಿತ್ತು. ಸಾಕಿದ ಗಿಡ ಬೋಳಾದದ್ದನ್ನು ನೋಡಿ ಹಿಗ್ಗಿದ್ದು ಅದೇ ಮೊದಲು.

ಅಷ್ಟರಲ್ಲಿ ಬಡಾವಣೆಯ ಸಂಘದಿಂದ ಪತ್ರ: ಕಳೆ ತೆಗೆಯಿರಿ. ಹೆಸರಿನಲ್ಲೇ ‘ವೀಡ್’ ಇರುವಾಗ ವಾದಿಸುವುದಾದರೂ ಹೇಗೆ? ಸುತ್ತ ಕಲ್ಲು ಜೋಡಿಸಿ, ಗಿಡದ ಹೆಸರು ಬರೆದ ಸಣ್ಣ ಫಲಕ ನೆಟ್ಟೆ. ಮತ್ತೆ ಪತ್ರ ಬರಲಿಲ್ಲ. ಫಲಕವಿದ್ದರೆ ಕಳೆಯೂ ತೋಟ!

ಅದೇ ಬೀದಿಯ ಕ್ಯಾಲರಿ ಪೇರ್ ಮರಗಳ ಬಗ್ಗೆ ಯಾರದೂ ತಕರಾರಿಲ್ಲ. ಏಷ್ಯಾದಿಂದ ಬಂದು, ಅಲಂಕಾರಕ್ಕೆಂದು ಬೀದಿಬೀದಿಯಲ್ಲಿ ನೆಟ್ಟ ಮರ. ವಸಂತದಲ್ಲಿ ಮೈತುಂಬ ಬಿಳಿ ಹೂ, ಜೊತೆಗೆ ಕೊಳೆತ ಮೀನಿನ ನಾತ. ಎಲೆಗಳಲ್ಲಿ ಒಂದು ತೂತು ಹುಡುಕಿದರೂ ಸಿಗುವುದು ಕಷ್ಟ, ಏಕೆಂದರೆ ಇಲ್ಲಿನ ಹೆಚ್ಚಿನ ಹುಳುಗಳಿಗೆ ಅದು ಊಟವೇ ಅಲ್ಲ. ಹಣ್ಣು ತಿಂದ ಹಕ್ಕಿಗಳು ಬೀಜ ಹರಡಿ ಹೆದ್ದಾರಿಯ ಬದಿ, ಬೀಳು ಹೊಲ ಎಲ್ಲ ಅದರದೇ ಪಾಲು. 2023ರ ಜನವರಿಯಿಂದ ಒಹಾಯೋದಲ್ಲಿ ಅದನ್ನು ಮಾರುವಂತಿಲ್ಲ, ನೆಡುವಂತಿಲ್ಲ. ಇರುವ ಮರಗಳು ಹಾಗೇ ಇವೆ.

ನರ್ಸರಿಯ ತೂಗುಕುಂಡದಲ್ಲಿ ಒಮ್ಮೆ ಲಂಟಾನ ಕಂಡು ನಿಂತುಬಿಟ್ಟೆ. ಬಂಡೀಪುರದ ಕಾಡಿಗೆ ನುಗ್ಗಿ ಕೂತಿರುವ ಅದೇ ಗಿಡ. ಅದರ ಮೂಲ ಅಮೆರಿಕ ಖಂಡದ ಬಿಸಿ ನಾಡುಗಳು. ಒಹಾಯೋದ ಚಳಿಗಾಲವನ್ನು ಅದು ದಾಟುವುದಿಲ್ಲ, ಹಾಗಾಗಿ ಜನ ನಿಶ್ಚಿಂತೆಯಿಂದ ಒಯ್ಯುತ್ತಾರೆ.

ಸೆಪ್ಟೆಂಬರಿನಲ್ಲಿ ಹುಟ್ಟುವ ಮೊನಾರ್ಕ್‌ಗಳು ಮೆಕ್ಸಿಕೋದ ಮಿಚೊವಾಕಾನ್ ಬೆಟ್ಟಗಳತ್ತ ಹೊರಡುತ್ತವೆ, ಸುಮಾರು 3,000 ಕಿಲೋಮೀಟರ್. ನಮ್ಮ ಗಿಡದಲ್ಲಿ ಬೆಳೆದ ಕೊನೆಯದೊಂದು ರೆಕ್ಕೆ ಒಣಗುವವರೆಗೆ ಆ ಫಲಕದ ಮೇಲೆಯೇ ಕೂತಿತ್ತು. ಕಾಫಿ ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಇರಲಿಲ್ಲ.